ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ: ಸರ್ ಸಿ. ವಿ. ರಾಮನ್



ವಿಜ್ಞಾನ ದಿನದ ಸಂಚಿಕೆಗೆ ಒಂದು ಜೀವನ ಚರಿತ್ರೆ ಬರೆದುಕೊಡಿ ಎಂದು ನಿಮ್ಮ ವಿದ್ಯಾರ್ಥಿ ಸಂಪಾದಕರು ಕೇಳಿದಾಗ ಯಾರ ಬಗ್ಗೆ ಬರೆಯಬೇಕು ಎಂದು ಯೋಚಿಸುವ ಪ್ರಮೇಯವೇ ಬರಲಿಲ್ಲ. ಫೆಬ್ರವರಿ 28 ಎಂದರೆ ರಾಮನ್. ಆದರೆ ಬೆಳಕಿನ ಚದುರುವಿಕೆಯ ಬಗ್ಗೆ ನಾನು ತರಗತಿಯಲ್ಲಿ ಹೇಳುವುದು ಇದ್ದೇ ಇದೆ. ಇಲ್ಲಿ ಬರೆಯಬೇಕೆಂದುಕೊಂಡಿರುವುದು ಅವರ ದಿನಚರಿಯ ಬಗ್ಗೆ. ಅದಕ್ಕೆ ಕಾರಣವೂ ಇದೆ. ಪ್ರಿಪರೇಟರಿ ಪರೀಕ್ಷೆ ಮುಗಿದು, ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದು, ಅದರ ಹಿಂದೆಯೇ ವಾರ್ಷಿಕ ಪರೀಕ್ಷೆ, ಸಿಇಟಿ, ನೀಟ್ ಸಾಲುಗಟ್ಟಿ ನಿಂತಿರುವ ಈ ತಿಂಗಳಲ್ಲಿ ಪೋಷಕರ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು, ದೊಡ್ಡವರೆಲ್ಲ ಹಗಲು ರಾತ್ರಿ ದುಡಿದೇ ದೊಡ್ಡವರಾದದ್ದು ಎಂದು ಹೇಳದೆ ಇರುವುದಿಲ್ಲ. ಉದಾಹರಣೆಗೆ ರಾಮನ್ ಹೆಸರೂ ಬರುತ್ತದೆ. ಮಾತು ಸುಳ್ಳಲ್ಲ. ಅರ್ಧಕ್ಕೆ ನಿಲ್ಲಿಸಿದ್ದು, ಅಷ್ಟೇ.

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿನಾಪಳ್ಳಿಯ ಹತ್ತಿರದ ತಿರುವಾನೈಕಾವಲ್‌ನಲ್ಲಿ. ತಂದೆ ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಗಣಿತ, ಭೌತಶಾಸ್ತ್ರದ ಅಧ್ಯಾಪಕರು. ಹುಡುಗ ಹನ್ನೊಂದನೆಯ ವಯಸ್ಸಿಗೆ ಮೆಟ್ರಿಕ್ಯುಲೇಷನ್ ಮುಗಿಸಿದ. ಹದಿಮೂರಕ್ಕೆ, ಈಗ ನೀವು ಓದುತ್ತಿರುವ ಪಿಯುಸಿಗೆ ಸಮನಾದ ಎಫ್.ಎ. ಮುಗಿಸಿದ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ., ಎಂ.ಎ. ಎರಡರಲ್ಲೂ ಮೊದಲಿಗ. 1906ರಲ್ಲಿ, ಹದಿನೆಂಟರ ವಯಸ್ಸಿಗೆ, ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನ್ ಎಂಬ ಪತ್ರಿಕೆಯಲ್ಲಿ ಮೊದಲ ಪ್ರಬಂಧ ಅಚ್ಚಾಯಿತು.

ಇಷ್ಟೆಲ್ಲ ಬುದ್ಧಿ ಇದ್ದ ಹುಡುಗನಿಗೆ ಗಟ್ಟಿಮುಟ್ಟಾದ ಮೈ ಇರಲಿಲ್ಲ. ಇಂಗ್ಲೆಂಡಿಗೆ ಹೋಗಿ ಓದಲಿ ಎಂದು ಹಿತೈಷಿಗಳು ಸೂಚಿಸಿದರು. ಆದರೆ ಮದರಾಸಿನ ಸಿವಿಲ್ ಸರ್ಜನ್ ಪರೀಕ್ಷೆ ಮಾಡಿ, ಅಲ್ಲಿನ ಚಳಿ ಈ ದೇಹಕ್ಕೆ ಆಗದು, ಕ್ಷಯ ಬಂದು ಹೋಗಿಬಿಡುತ್ತಾನೆ ಎಂಬ ಅರ್ಥದಲ್ಲಿ ಬೇಡ ಎಂದುಬಿಟ್ಟರು. ಪ್ರಯಾಣ ನಿಂತಿತು. ಆ ಕಾಲದಲ್ಲಿ ಭಾರತೀಯನೊಬ್ಬ ವಿಜ್ಞಾನವನ್ನೇ ನೆಚ್ಚಿ ಸಂಸಾರ ನಡೆಸುವ ದಾರಿಯೂ ಇರಲಿಲ್ಲ. ರಾಮನ್ ಸರ್ಕಾರದ ಹಣಕಾಸು ಇಲಾಖೆಯ ಸ್ಪರ್ಧಾ ಪರೀಕ್ಷೆ ಬರೆದರು, ಅದರಲ್ಲೂ ಮೊದಲಿಗರಾದರು. 1907ರಲ್ಲಿ ವೀಣೆ ನುಡಿಸುತ್ತಿದ್ದ ಲೋಕಸುಂದರಿಯವರನ್ನು ಮದುವೆಯಾಗಿ, ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಕಲ್ಕತ್ತೆಗೆ ಹೊರಟರು. ಅವರಿಗೆ ಆಗ ಹತ್ತೊಂಬತ್ತೂ ತುಂಬಿರಲಿಲ್ಲ. ಆಕೆ ಇನ್ನೂ ಚಿಕ್ಕವರು.

ಕಲ್ಕತ್ತೆಯಲ್ಲಿ ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌ ಬಜಾರ್ ರಸ್ತೆಯಲ್ಲಿ ಒಂದು ಬೋರ್ಡ್ ಕಣ್ಣಿಗೆ ಬಿತ್ತು. ವಿಜ್ಞಾನ ಬೆಳೆಸುವ ಭಾರತೀಯ ಸಂಘ. ಡಾ. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಕಟ್ಟಿದ ಸಂಸ್ಥೆ ಅದು. ಪ್ರಯೋಗಾಲಯ ಇತ್ತು, ಉಪಕರಣಗಳಿದ್ದವು, ಅವನ್ನು ಬಳಸುವವರು ಇರಲಿಲ್ಲ. ಇಳಿದು ಹೋಗಿ ಕೇಳಿದರು. ಬಾಗಿಲು ತೆರೆಯಿತು.

ಅಲ್ಲಿಂದ ಶುರುವಾದ ದಿನಚರಿಯನ್ನು ಮುಂದೆ ಲೋಕಸುಂದರಿಯವರೇ ನೆನಪಿಸಿಕೊಂಡಿದ್ದಾರೆ. ಬೆಳಿಗ್ಗೆ ಐದೂವರೆಗೆ ಸಂಘದ ಪ್ರಯೋಗಾಲಯಕ್ಕೆ ಹೊರಡುವುದು. ಒಂಬತ್ತೂ ಮುಕ್ಕಾಲಿಗೆ ಮನೆಗೆ ಬಂದು ಸ್ನಾನ ಮಾಡಿ, ಅವಸರದಲ್ಲಿ ಊಟವನ್ನು ಬಾಯಿಗೆ ತುರುಕಿಕೊಂಡು, ತಡವಾಗದಂತೆ ಬಾಡಿಗೆ ಗಾಡಿ ಹಿಡಿದು ಆಫೀಸಿಗೆ ಓಡುವುದು. ಸಂಜೆ ಐದಕ್ಕೆ ಆಫೀಸಿನಿಂದ ನೇರವಾಗಿ ಮತ್ತೆ ಸಂಘಕ್ಕೆ. ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ, ಹತ್ತು. ಭಾನುವಾರ ಇಡೀ ದಿನ ಸಂಘದಲ್ಲೇ.

ಫಜರ್ ನಮಾಜ್ ಮುಗಿಸಿ ಪುಸ್ತಕ ತೆರೆಯುವ ನಿಮಗೆ ಐದೂವರೆ ಅಷ್ಟೇನೂ ಬೇಗ ಅನ್ನಿಸಲಾರದು. ಆದರೆ ಒಟ್ಟು ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ನಾಲ್ಕೂಕಾಲು ಗಂಟೆ, ಸಂಜೆ ನಾಲ್ಕೂವರೆ ಗಂಟೆ ಪ್ರಯೋಗಾಲಯ, ನಡುವೆ ಒಂದು ಪೂರ್ಣ ಪ್ರಮಾಣದ ಸರ್ಕಾರಿ ನೌಕರಿ. ಹತ್ತು ವರ್ಷ ಹೀಗೇ ನಡೆಯಿತು. ಆ ಹತ್ತು ವರ್ಷಗಳಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳು ಹೊರಬಂದವು. ಪಿಟೀಲು, ವೀಣೆ, ತಂಬೂರಿಯ ತಂತಿಗಳು ಹೇಗೆ ಕಂಪಿಸುತ್ತವೆ ಎಂಬ ಅಭ್ಯಾಸ ಆರಂಭವಾದದ್ದೂ ಆಗಲೇ.

ನಾನು ಪ್ರತಿದಿನ ಬೆಳಿಗ್ಗೆ ತಿಂಡಿ ಮಾಡಿ, ಮೂರು ಡಬ್ಬಿ ಕಟ್ಟಿ, ವಿಜಯನಗರದಿಂದ ಬಸ್ಸು ಹಿಡಿದು ಬರುವವಳು. ಹಾಗಾಗಿ ಈ ದಿನಚರಿಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಒಂಬತ್ತೂ ಮುಕ್ಕಾಲಿನ ಆ ಊಟದ ಕಡೆಗೆ. ಹತ್ತು ನಿಮಿಷದಲ್ಲಿ ಉಂಡು ಓಡಬೇಕಾದರೆ ಎಲೆ ಹಾಕಿ, ಅನ್ನ ಬಡಿಸಿ, ಆರಿಸಿ ಇಟ್ಟವರು ಒಬ್ಬರು ಇರಲೇಬೇಕಲ್ಲ. ಆಕೆಯ ದಿನ ಎಷ್ಟು ಗಂಟೆಗೆ ಶುರುವಾಗುತ್ತಿತ್ತು ಎಂದು ನಮ್ಮ ಪಾಠದ ಪುಸ್ತಕಗಳಲ್ಲಿ ಬರುವುದಿಲ್ಲ. ಬಂಗಾಳಿ ಮಾತಾಡುವ ಊರು, ತವರು ದೂರ, ಗಂಡ ಭಾನುವಾರವೂ ಮನೆಯಲ್ಲಿಲ್ಲ. ರಾಮನ್ ಅವರ ದಿನಕ್ಕೆ ಹದಿನಾರು ಗಂಟೆ ಇದ್ದದ್ದು ಆಕೆಯ ಗಂಟೆಗಳನ್ನೂ ಸೇರಿಸಿಕೊಂಡು. ಇದು ದೂರಲ್ಲ. ಆಕೆ ಗಂಡನ ಬಗ್ಗೆ ಅಭಿಮಾನದಿಂದಲೇ ಬದುಕಿದವರು. ಆದರೂ ಲೆಕ್ಕ ಎಂದ ಮೇಲೆ ಪೂರ್ತಿ ಬರೆಯಬೇಕು.

ನಡುವೆ ರಂಗೂನಿಗೆ, ಆಮೇಲೆ ನಾಗಪುರಕ್ಕೆ ವರ್ಗವಾಯಿತು. ಅಲ್ಲೆಲ್ಲ ಮನೆಯಲ್ಲೇ ಉಪಕರಣ ಜೋಡಿಸಿಕೊಂಡು ಕೆಲಸ ಮುಂದುವರಿಸಿದರು. 1910ರಲ್ಲಿ ತಂದೆ ತೀರಿಕೊಂಡಾಗ ಆರು ತಿಂಗಳ ರಜೆ ಹಾಕಿ ಮದರಾಸಿಗೆ ಬಂದರು. ಆ ರಜೆಯನ್ನೂ ತಮ್ಮ ಹಳೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರಯೋಗಾಲಯದಲ್ಲಿ ಕಳೆದರು. ಕೆಲಸದಲ್ಲಿ ಮುಳುಗಿ ದುಃಖ ಮರೆಯುವ ಜನ ನಮ್ಮ ನಿಮ್ಮ ನಡುವೆಯೂ ಇದ್ದಾರೆ. ರಾಮನ್ ಅವರದ್ದು ಅದೋ, ಇಲ್ಲವೇ ರಜೆ ಎಂಬುದರ ಅರ್ಥವೇ ಅವರಿಗೆ ಬೇರೆಯೋ, ಹೊರಗಿನಿಂದ ಹೇಳುವುದು ಕಷ್ಟ. 1911ರಲ್ಲಿ ಕಲ್ಕತ್ತೆಗೆ ಮರಳಿದ ಮೇಲೆ ಸಂಘದ ಕಟ್ಟಡಕ್ಕೆ ಅಂಟಿಕೊಂಡಂತಿದ್ದ ಮನೆಗೇ ಬಂದರು. ಮನೆಯಿಂದ ಪ್ರಯೋಗಾಲಯಕ್ಕೆ ನಡುವೆ ಒಂದು ಬಾಗಿಲು. ಹೊತ್ತಲ್ಲದ ಹೊತ್ತಿನಲ್ಲೂ ಹೋಗಿಬರಬಹುದಿತ್ತು.

ಇನ್ನು 1917. ರಾಮನ್ ಕಥೆ ಹೇಳುವವರು ಈ ವರ್ಷವನ್ನು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗೆ ಇದೇ ಮುಖ್ಯ. ಕಲ್ಕತ್ತಾ ವಿಶ್ವವಿದ್ಯಾನಿಲಯದ ಆಶುತೋಷ್ ಮುಖರ್ಜಿ ಅವರು ಹೊಸದಾಗಿ ಸ್ಥಾಪಿಸಿದ್ದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ರಾಮನ್ ಅವರನ್ನು ಕರೆದರು. ಸಂಬಳ ಹಣಕಾಸು ಇಲಾಖೆಯಲ್ಲಿ ಬರುತ್ತಿದ್ದುದಕ್ಕಿಂತ ಬಹಳ ಕಡಿಮೆ. ಇಲಾಖೆಯಲ್ಲಿ ಇನ್ನೂ ಮೇಲೇರುವ ದಾರಿ ತೆರೆದೇ ಇತ್ತು. ರಾಮನ್ ಇಲಾಖೆಯನ್ನು ಬಿಟ್ಟರು. ಅಂದರೆ, ಎರಡು ಕೆಲಸಗಳನ್ನು ಒಟ್ಟಿಗೆ ಹೊತ್ತುಕೊಂಡು ಸಾಯುವವರೆಗೆ ಓಡಿದವರಲ್ಲ ಅವರು. ಬೇಕಾದ ಒಂದನ್ನು ಉಳಿಸಿಕೊಂಡು ಬೇಡವಾದ ಒಂದನ್ನು, ಹಣದ ನಷ್ಟ ಮಾಡಿಕೊಂಡೇ, ಇಳಿಸಿದರು. ಹದಿನಾರು ಗಂಟೆಯ ಕಥೆಯನ್ನು ನಿಮಗೆ ಹೇಳುವವರು ಈ ಇಳಿಸಿದ ಕಥೆಯನ್ನೂ ಹೇಳಬೇಕು ಎಂಬುದು ನನ್ನ ತಕರಾರು. ಆ ಹುದ್ದೆಯಲ್ಲಿ ಪಾಠ ಮಾಡುವ ಕಡ್ಡಾಯ ಇರಲಿಲ್ಲ. ಆದರೂ ಪಾಠ ಮಾಡಿದರು. ವಿದೇಶಕ್ಕೆ ಹೋಗಿ ತರಬೇತಿ ಪಡೆದು ಬರಬೇಕೆಂಬ ನಿಯಮವೊಂದಿತ್ತು. ಅದಕ್ಕೆ ಒಪ್ಪಲಿಲ್ಲ.

ವಿದೇಶಕ್ಕೆ ಮೊದಲ ಬಾರಿ ಹೋದದ್ದು 1921ರಲ್ಲಿ, ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾನಿಲಯಗಳ ಸಮ್ಮೇಳನಕ್ಕೆ. ಹಿಂದಿರುಗುವಾಗ ನಾರ್ಕುಂಡಾ ಎಂಬ ಹಡಗಿನ ಮೇಲೆ ನಿಂತು ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡುತ್ತ ಹೋದರು. ಆಕಾಶದ ಬಣ್ಣ ನೀರಿನಲ್ಲಿ ಪ್ರತಿಫಲಿಸುವುದರಿಂದ ಸಮುದ್ರ ನೀಲಿ ಎಂದು ಲಾರ್ಡ್ ರ‍್ಯಾಲೆ ಹೇಳಿದ್ದರು. ರಾಮನ್ ಜೇಬಿನಲ್ಲಿ ಒಂದು ನಿಕೋಲ್ ಪಟ್ಟಕವಿತ್ತು. ಅದರಿಂದ ಮೇಲ್ಮೈಯ ಪ್ರತಿಫಲನವನ್ನು ಮರೆಮಾಡಿ ನೋಡಿದರು. ನೀಲಿ ಮಾಯವಾಗಲಿಲ್ಲ, ಇನ್ನಷ್ಟು ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಹಡಗಿನಲ್ಲೇ ಬರೆದು, ಮುಂಬಯಿ ಬಂದರಿನಿಂದ ನೇಚರ್ ಪತ್ರಿಕೆಗೆ ಕಳಿಸಿದರು. ವಿರಾಮದಲ್ಲಿ ಹೊಸ ವಿಚಾರ ಹೊಳೆಯುತ್ತದೆ ಎನ್ನುವುದಕ್ಕೆ ಇದನ್ನು ಉದಾಹರಣೆಯಾಗಿ ಕೊಡುವವರಿದ್ದಾರೆ. ಜೇಬಿನಲ್ಲಿ ಪಟ್ಟಕ ಇಟ್ಟುಕೊಂಡು ಹಡಗು ಹತ್ತಿದವರದ್ದು ವಿರಾಮವೇ ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದರೆ ದಿನಗಟ್ಟಲೆ ಸಮುದ್ರವನ್ನು ಸುಮ್ಮನೆ ನೋಡುವಷ್ಟು ಹೊತ್ತು ಅವರಿಗೆ ಸಿಕ್ಕಿತ್ತು ಎಂಬುದಂತೂ ನಿಜ.

ಮುಂದಿನ ಏಳು ವರ್ಷ ಇದೇ ದಾರಿಯಲ್ಲಿ ಹೋದರು. ಜೊತೆಗೆ ಒಂದು ಗುಂಪು ವಿದ್ಯಾರ್ಥಿಗಳು. 1928ರ ಜನವರಿ, ಫೆಬ್ರವರಿಯಲ್ಲಿ ಕೆ. ಎಸ್. ಕೃಷ್ಣನ್ ದ್ರವಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಕೃಷ್ಣನ್ ಇಟ್ಟ ದಿನಚರಿ ಉಳಿದಿದೆ. ಗುರುಗಳು ರಾತ್ರಿ ಹೊತ್ತಿನಲ್ಲಿ ಶಿಷ್ಯನ ಮನೆಯ ಬಾಗಿಲಿಗೇ ಬಂದು, ಸಂಭ್ರಮ ತಡೆಯಲಾರದೆ ಪ್ರಯೋಗದ ಮಾತು ತೆಗೆದದ್ದು ಅದರಲ್ಲಿದೆ. ಈಗಿನ ಕಾಲದಲ್ಲಿ ರಾತ್ರಿ ವಾಟ್ಸಪ್‌ನಲ್ಲಿ ಮೆಸೇಜ್ ಬಂದರೆ ನಮಗೆ ಎದೆ ಧಸಕ್ ಎನ್ನುತ್ತದೆ. ಅಲ್ಲಿ ಬಂದದ್ದು ಸಂತೋಷ ಹಂಚಿಕೊಳ್ಳಲು. ಫೆಬ್ರವರಿ 28ರಂದು ಫಲಿತಾಂಶ ಖಚಿತವಾಯಿತು. ಮಾರ್ಚ್ 16ರಂದು ಅದನ್ನು ವಿಸ್ತಾರವಾಗಿ ವಿವರಿಸುವ ಭಾಷಣ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. 1930ರಲ್ಲಿ ನೊಬೆಲ್ ಬಂತು.

ಇಲ್ಲಿಯವರೆಗೆ ನೋಡಿದರೆ ಹೆಚ್ಚು ಕೆಲಸ ರಾಮನ್ ಅವರನ್ನು ಕೆಡಿಸಿತು ಎಂದು ನನಗೆ ಅನ್ನಿಸುವುದಿಲ್ಲ. ಕ್ಷಯದಿಂದ ಸಾಯುತ್ತಾನೆ ಎಂದು ವೈದ್ಯರು ಹೆದರಿದ್ದ ದೇಹ ಆ ಹದಿನಾರು ಗಂಟೆಗಳನ್ನು ತಡೆದುಕೊಂಡಿತು. ಆ ಗಂಟೆಗಳನ್ನು ಅವರ ಮೇಲೆ ಯಾರೂ ಹೇರಿರಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಕಥೆ ಬದಲಾಗುತ್ತದೆ.

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಸಂಸ್ಥೆಯ, ಮೊದಲ ಭಾರತೀಯ ನಿರ್ದೇಶಕರಾದರು. ರಾಜಾಜಿನಗರದಿಂದ ಯಶವಂತಪುರ ದಾಟಿದರೆ ಸಿಗುವ ಆ ಮರಗಳ ಆವರಣವನ್ನು ನೀವೆಲ್ಲ ಬಸ್ಸಿನಿಂದ ನೋಡಿದ್ದೀರಿ. ಈಗ ಅವರ ಕೈಯಲ್ಲಿ ತಮ್ಮ ಗಂಟೆಗಳಷ್ಟೇ ಅಲ್ಲ, ಬೇರೆಯವರ ಗಂಟೆಗಳೂ ಇದ್ದವು.

ಅದೇ 1933ರಲ್ಲಿ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ಯುವತಿ, ಮುಂದೆ ಕಮಲಾ ಸೊಹೋನಿ, ಸಂಶೋಧನೆಗೆ ಅರ್ಜಿ ಹಾಕಿದರು. ಹೆಣ್ಣು ಎಂಬ ಕಾರಣಕ್ಕೆ ರಾಮನ್ ಸೇರಿಸಿಕೊಳ್ಳಲಿಲ್ಲ. ಆಕೆ ಬೆಂಗಳೂರಿಗೇ ಬಂದು ಸತ್ಯಾಗ್ರಹ ಹೂಡಿದ ಮೇಲೆ ಷರತ್ತುಗಳನ್ನು ಹಾಕಿ ಒಳಗೆ ಬಿಟ್ಟರು. ಒಂದು ವರ್ಷ ಕಾಯಂ ವಿದ್ಯಾರ್ಥಿನಿ ಅಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಗಂಡುಮಕ್ಕಳ ಗಮನ ಕೆಡಬಾರದು. ಆಕೆ ಅದನ್ನೆಲ್ಲ ನುಂಗಿಕೊಂಡು ದುಡಿದರು. ಕೆಲಸ ನೋಡಿ ರಾಮನ್ ಮನಸ್ಸು ಬದಲಾಯಿಸಿದರು, ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದರು. ಕಮಲಾ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು.

ಅನ್ನಾ ಮಣಿ ಬಂದದ್ದು 1940ರಲ್ಲಿ. ವಜ್ರ, ಮಾಣಿಕ್ಯಗಳು ಹೊರಸೂಸುವ ಮಂದ ಬೆಳಕನ್ನು ಛಾಯಾಫಲಕದ ಮೇಲೆ ಹಿಡಿಯುವುದು ಅವರ ಕೆಲಸ. ಒಂದೊಂದು ಚಿತ್ರಕ್ಕೆ ಹದಿನೈದರಿಂದ ಇಪ್ಪತ್ತು ಗಂಟೆ ಫಲಕವನ್ನು ತೆರೆದಿಟ್ಟು ಕಾಯಬೇಕಿತ್ತು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಾಲಯದಲ್ಲೇ ಕಳೆದರು. ಪ್ರಬಂಧಗಳು ಅಚ್ಚಾದವು. ಆದರೆ ಮಹಾಪ್ರಬಂಧ ಸಲ್ಲಿಸಿದಾಗ, ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾನಿಲಯ ಪಿಎಚ್.ಡಿ. ಕೊಡಲಿಲ್ಲ. ಅನ್ನಾ ಮಣಿ ಹವಾಮಾನ ಇಲಾಖೆಗೆ ಹೋಗಿ, ದೇಶಕ್ಕೆ ಬೇಕಾದ ಮಾಪನ ಉಪಕರಣಗಳನ್ನು ಇಲ್ಲೇ ತಯಾರಿಸುವ ಕೆಲಸದಲ್ಲಿ ದೊಡ್ಡ ಹೆಸರು ಮಾಡಿದರು. ರಾಮನ್ ಬಗ್ಗೆ ಅವರಿಗೆ ಗೌರವ ಕಡಿಮೆಯಾಗಲಿಲ್ಲ. ಹಾಗಿದ್ದರೂ, ಬೌ ಬಜಾರಿನ ಪ್ರಯೋಗಾಲಯದ ರಾತ್ರಿಗಳು ಮತ್ತು ಈ ಇಬ್ಬರು ಹೆಣ್ಣುಮಕ್ಕಳ ರಾತ್ರಿಗಳು ನನಗೆ ಒಂದೇ ತಕ್ಕಡಿಯಲ್ಲಿ ತೂಗುವಂಥವಾಗಿ ಕಾಣುವುದಿಲ್ಲ. ಮೊದಲನೆಯದು ಮನಸ್ಸಾದಾಗ ಬಾಗಿಲು ತೆರೆದು ಹೋದದ್ದು. ಕಮಲಾ ಅವರದ್ದು ಬಾಗಿಲು ತೆರೆಯಲು ಕೇಳಿದ ಬೆಲೆ. ಅನ್ನಾ ಮಣಿ ಅವರ ದುಡಿಮೆಗೆ ಕೊನೆಗೆ ಪದವಿಯ ಕಾಗದವೂ ಸಿಗಲಿಲ್ಲ. ಸ್ಟಾಫ್ ರೂಮಿನಲ್ಲಿ ಈ ವ್ಯತ್ಯಾಸ ಚರ್ಚೆಗೆ ಬಂದರೆ ಒಳ್ಳೆಯದು.

ನಿರ್ದೇಶಕರಾಗಿ ರಾಮನ್ ನಾಲ್ಕೇ ವರ್ಷ ಇದ್ದರು. ಹಿಟ್ಲರನ ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿಕೊಂಡರು. ಇಲ್ಲೇ ಉಳಿಸಿಕೊಳ್ಳಲು ಹೊರಟಾಗ ಸಹೋದ್ಯೋಗಿಗಳು ಒಪ್ಪಲಿಲ್ಲ. ಭೌತಶಾಸ್ತ್ರಕ್ಕೇ ಎಲ್ಲ ಹಣ, ಉಳಿದ ವಿಭಾಗಗಳನ್ನು ಕೇಳುವವರಿಲ್ಲ ಎಂಬ ದೂರು ಎದ್ದಿತು. 1936ರಲ್ಲಿ ವಿಚಾರಣಾ ಸಮಿತಿ ಬಂತು, 1937ರಲ್ಲಿ ರಾಮನ್ ನಿರ್ದೇಶಕ ಪದವಿಯಿಂದ ಇಳಿದರು. ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೆ ಉಳಿದರು. ಮೈಮುರಿದು ದುಡಿದ ಕಲ್ಕತ್ತೆಯ ವರ್ಷಗಳಲ್ಲಿ ಅವರು ಕುಗ್ಗಿದ್ದಿಲ್ಲ. ಈ ಜಗಳ ಅವರನ್ನು ಆಳವಾಗಿ ನೋಯಿಸಿತು. ಸಂಸ್ಥೆಯೇ ಪ್ರಪಂಚವಾಗಿದ್ದವರಿಗೆ ಸಂಸ್ಥೆ ಮುನಿದರೆ ಹೋಗಿ ಕೂರಲು ಬೇರೆ ಜಗಲಿ ಇರುವುದಿಲ್ಲ.

ಮುಂದಿನ ದಾರಿಯೂ ಮತ್ತೊಂದು ಪ್ರಯೋಗಾಲಯವೇ. ಮೈಸೂರು ಸರ್ಕಾರ ವಿಜ್ಞಾನ ಅಕಾಡೆಮಿಗೆ ಕೊಟ್ಟಿದ್ದ ಸುಮಾರು 11 ಎಕರೆ ಜಾಗದಲ್ಲಿ, ಈಗಿನ ಮೇಖ್ರಿ ವೃತ್ತದ ಹತ್ತಿರ, ದೇಣಿಗೆ ಎತ್ತಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಅರವತ್ತನೆಯ ವಯಸ್ಸಿಗೆ ಅಲ್ಲಿಗೆ ಬಂದಾಗ ಕಟ್ಟಡಕ್ಕೆ ವಿದ್ಯುತ್ ಸಂಪರ್ಕವೂ ಇರಲಿಲ್ಲ. ಕನ್ನಡಿಯಿಂದ ಬಿಸಿಲನ್ನು ಒಳಗೆ ತಿರುಗಿಸಿಕೊಂಡು ಮಸೂರಗಳ ಮೂಲಕ ಹಾಯಿಸಿ ಪ್ರಯೋಗ ಮಾಡುತ್ತಿದ್ದರು. ಸೂರ್ಯ ಮುಳುಗಿದರೆ ಆ ಪ್ರಯೋಗವೂ ಮುಗಿದಂತೆ. ಅವರ ಬದುಕಿನಲ್ಲಿ ಪ್ರಯೋಗಾಲಯದ ಬಾಗಿಲನ್ನು ಹೊತ್ತಿಗೆ ಸರಿಯಾಗಿ ಹಾಕಿಸಿದ್ದು ಸೂರ್ಯನೊಬ್ಬನೇ ಇರಬೇಕು.

ಕಡೆಯ ವರ್ಷಗಳಲ್ಲಿ ಜನರಿಂದ ದೂರವಾದರು. ಸರ್ಕಾರದ ಹಣ ಬೇಡ ಎಂದರು. ಸಂದರ್ಶಕರು ಬಂದು ತೊಂದರೆ ಕೊಡಬಾರದೆಂದು ಗೇಟಿನಲ್ಲಿ ಬೋರ್ಡ್ ಹಾಕಿಸಿದರು. ಶಾಲೆಯ ಮಕ್ಕಳು ಬಂದರೆ ಮಾತ್ರ ತಾವೇ ಕರೆದುಕೊಂಡು ಹೋಗಿ ಹರಳುಗಳನ್ನು, ವಜ್ರಗಳನ್ನು ತೋರಿಸುತ್ತಿದ್ದರು. ಆವರಣದ ತುಂಬ ಮರಗಳನ್ನು ಬೆಳೆಸಿದರು, ಗುಲಾಬಿ ತೋಟ ಮಾಡಿಸಿದರು. ಆ ತೋಟ ಅವರಿಗೆ ನಿಜವಾದ ಸಂತೋಷ ಕೊಟ್ಟಿತು. ಕೊಂಚ ದಿನಕ್ಕೆ ಹೂವುಗಳ ಬಣ್ಣ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಬಗ್ಗೆಯೂ ಪ್ರಬಂಧಗಳು ಹೊರಡತೊಡಗಿದವು! ತೋಟವೂ ಪ್ರಯೋಗಾಲಯವಾಯಿತು. 1968ರಲ್ಲಿ ದೃಷ್ಟಿಯ ಶರೀರಶಾಸ್ತ್ರದ ಬಗ್ಗೆ ಒಂದು ಪುಸ್ತಕವೇ ಬಂತು.

ಕೆಲಸವನ್ನು ಕುಡಿತದಂತೆ ಚಟ ಮಾಡಿಕೊಂಡವರಿಗೆ ವರ್ಕೋಹಾಲಿಕ್ ಎಂಬ ಹೆಸರಿದೆಯಲ್ಲ, ಆ ಪದವನ್ನು ಬಳಕೆಗೆ ತಂದವರು ಅಮೆರಿಕದ ಪ್ರಾಧ್ಯಾಪಕ ವೇಯ್ನ್ ಓಟ್ಸ್. ಅವರ ಪುಸ್ತಕ ಬಂದದ್ದು 1971ರಲ್ಲಿ, ರಾಮನ್ ತೀರಿಕೊಂಡ ಮರುವರ್ಷ. ಐದು ವರ್ಷದ ಮಗ ಅಪ್ಪನೊಡನೆ ಮಾತಾಡಲು ಅವರ ಆಫೀಸಿನಲ್ಲಿ ಸಮಯ ನಿಗದಿ ಮಾಡಿಕೊಡಿ ಎಂದು ಕೇಳಿದ ಮೇಲೆ ಓಟ್ಸ್ ಅವರಿಗೆ ತಮ್ಮ ಸ್ಥಿತಿ ಅರಿವಾಯಿತಂತೆ. ರಾಮನ್ ಅವರನ್ನು ಆ ಹೆಸರಿನಿಂದ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಚಟಕ್ಕೆ ಬಿದ್ದವನಿಗೆ ರುಚಿ ಹೋಗಿರುತ್ತದೆ. ಇವರಿಗೆ ಎಂಬತ್ತೆರಡರಲ್ಲೂ ರುಚಿ ಇತ್ತು. ಆದರೆ ಮನೆಯವರಿಗೆ ಸಿಗುತ್ತಿದ್ದ ಹೊತ್ತಿನ ಲೆಕ್ಕದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಇರಲಿಕ್ಕಿಲ್ಲ.

1970ರ ಅಕ್ಟೋಬರ್ 2ರಂದು ಪ್ರತಿವರ್ಷದಂತೆ ಗಾಂಧಿ ಸ್ಮಾರಕ ಉಪನ್ಯಾಸ ಕೊಟ್ಟರು. ಆ ತಿಂಗಳ ಕೊನೆಯಲ್ಲಿ ಪ್ರಯೋಗಾಲಯದಲ್ಲೇ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಇನ್ನು ಕೆಲವೇ ಗಂಟೆ ಎಂದರು ವೈದ್ಯರು. ಚೇತರಿಸಿಕೊಂಡರು. ಆದರೆ ಆಸ್ಪತ್ರೆಯಲ್ಲಿ ಉಳಿಯಲು ಒಪ್ಪಲಿಲ್ಲ, ತಮ್ಮ ಸಂಸ್ಥೆಯ ತೋಟದಲ್ಲಿ, ಹೂಗಳ ನಡುವೆ ಕಣ್ಣು ಮುಚ್ಚುವುದೇ ಅವರಿಗೆ ಬೇಕಿತ್ತು. ಸಾಯುವ ಹಿಂದಿನ ಸಂಜೆಯೂ ಮಲಗುವ ಕೋಣೆಗೇ ಆಡಳಿತ ಮಂಡಳಿಯವರನ್ನು ಕರೆಸಿ ಸಂಸ್ಥೆ ಮುಂದೆ ಹೇಗೆ ನಡೆಯಬೇಕೆಂದು ಚರ್ಚಿಸಿದರು. ನವೆಂಬರ್ 21ರ ಬೆಳಗಿನ ಜಾವ ತೀರಿಕೊಂಡರು. ಆವರಣದಲ್ಲೇ ದಹನ ಮಾಡಿದರು. ಆ ಜಾಗದಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.

ಲೋಕಸುಂದರಿಯವರು ಇನ್ನೂ ಹತ್ತು ವರ್ಷ ಇದ್ದು 1980ರಲ್ಲಿ ತೀರಿಕೊಂಡರು. ಮಲ್ಲೇಶ್ವರದ ಅವರ ಮನೆ ಪಂಚವಟಿ ಈಗಲೂ ಇದೆ, ಸುತ್ತ ಮರಗಳಿವೆ. 1972ರಲ್ಲಿ ಸಂಸ್ಥೆಯ ಚುಕ್ಕಾಣಿ ಹಿಡಿದವರು ಮಗ ರಾಧಾಕೃಷ್ಣನ್. ಜಗತ್ತು ಒಪ್ಪಿದ ರೇಡಿಯೋ ಖಗೋಳ ವಿಜ್ಞಾನಿ. ಅವರಿಗೆ ಹಾಯಿದೋಣಿಯ ಹುಚ್ಚು. ಮನುಷ್ಯ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರುವ ಹ್ಯಾಂಗ್ ಗ್ಲೈಡರ್‌ಗಳನ್ನು ತಾವೇ ವಿನ್ಯಾಸ ಮಾಡಿ, ಕಟ್ಟಿ, ಹಾರಿಸುತ್ತಿದ್ದರು.